ಅಮ್ಮನ ನಂತರ ತಮ್ಮನ ಪರವಾಗಿ ಯಾರು ಸಹಿ ಮಾಡಬೇಕು? ಪಾಲಕತ್ವದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಯಲಹಂಕದ ಅಕ್ಕ

ಹಿರಿಯರಿಗೂ, ಇದೇ ದಾರಿಯಲ್ಲಿ ನಡೆದುಬಂದ ಕುಟುಂಬದವರಿಗೂ ನಮಸ್ಕಾರ. ಅರ್ಧ ಹೇಳಿದರೆ ತಪ್ಪು ಉತ್ತರ ಸಿಕ್ಕೀತೆಂಬ ಅಂಜಿಕೆಯಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನನ್ನ ತಮ್ಮನಿಗೆ ಈಗ 36 ವರ್ಷ. ಹುಟ್ಟಿನಿಂದಲೇ ಬೌದ್ಧಿಕ ಬೆಳವಣಿಗೆಯಲ್ಲಿ ನ್ಯೂನತೆ ಇದೆ. ಪ್ರಮಾಣಪತ್ರದಲ್ಲಿ ಶೇಕಡ 75 ಎಂದು ನಮೂದಾಗಿದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಕೂಡ ಆಗಿದೆ. ಕೇಂದ್ರ ಸರ್ಕಾರಿ ನೌಕರರಾಗಿದ್ದು ನಿವೃತ್ತರಾದ ನಮ್ಮ ತಂದೆ ಒಂದೂವರೆ ವರ್ಷದ ಹಿಂದೆ ಉಯಿಲು ಬರೆಯದೆಯೇ ತೀರಿಕೊಂಡರು. 72 ವರ್ಷದ ಅಮ್ಮ ಮತ್ತು ತಮ್ಮ ಹನುಮಂತನಗರದಲ್ಲಿ ತಂದೆಯವರೇ ಕಟ್ಟಿಸಿದ ಮನೆಯ ಕೆಳಗಿನ ಭಾಗದಲ್ಲಿದ್ದಾರೆ. ಮೇಲಿನ ಭಾಗವನ್ನು ಬಾಡಿಗೆಗೆ ಕೊಟ್ಟಿದ್ದೇವೆ. ನಾನು ಗಂಡ ಮತ್ತು ಮಗಳೊಂದಿಗೆ ಯಲಹಂಕದಲ್ಲಿದ್ದೇನೆ, ಶನಿವಾರ ಹೋಗಿ ಭಾನುವಾರ ಸಂಜೆ ಮರಳುತ್ತೇನೆ.

ತಮ್ಮನಿಗೆ ಓದಲು ಬರುವುದಿಲ್ಲ, ಆದರೆ ತನ್ನ ಹೆಸರನ್ನು ಕನ್ನಡದಲ್ಲಿ ಬರೆಯುತ್ತಾನೆ. ಬೆಳಿಗ್ಗೆ ಆರು ಗಂಟೆಗೆ ಹಾಲಿನ ಬೂತಿಗೆ ಹೋಗಿ ಎರಡು ಪ್ಯಾಕೆಟ್ ತರುತ್ತಾನೆ. ಚಿಲ್ಲರೆ ಕಡಿಮೆ ಕೊಟ್ಟರೆ ಅವನಿಗೆ ಗೊತ್ತಾಗುವುದಿಲ್ಲ. ಬೂತಿನವರು ಒಂದು ದಿನವೂ ಕಡಿಮೆ ಕೊಟ್ಟಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ವಾರದಲ್ಲಿ ಐದು ದಿನ ಒಂದು ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗಿ ಕಾಗದದ ಚೀಲ ಮಾಡುತ್ತಾನೆ, ಅಲ್ಲಿ ಸಿಗುವ ಸಣ್ಣ ಸಂಭಾವನೆಯನ್ನು ತಿಂಗಳ ಮೊದಲ ವಾರ ತಂದು ಅಮ್ಮನ ಕೈಗೆ ಕೊಡುತ್ತಾನೆ. ಹೊಸಬರು ಬಂದರೆ ಒಳಕೋಣೆ ಸೇರುತ್ತಾನೆ. ಯಾರಾದರೂ ಒತ್ತಾಯಿಸಿದರೆ ಏನು ಕೇಳಿದರೂ ‘ಹೂಂ’ ಎನ್ನುತ್ತಾನೆ.

ತೊಂದರೆ ಶುರುವಾದದ್ದು ಬ್ಯಾಂಕಿನಲ್ಲಿ. ಅಮ್ಮ ಮತ್ತು ತಮ್ಮನ ಜಂಟಿ ಖಾತೆಯ ಕೆವೈಸಿ ಹೊಸದಾಗಿ ಮಾಡಿಸಲು ಹೋದಾಗ, ಅವನ ಸಹಿ ಒಂದು ಸಲದಂತೆ ಇನ್ನೊಂದು ಸಲ ಇಲ್ಲವೆಂದು ಹೇಳಿ, ‘ಕೋರ್ಟಿನಿಂದ ಗಾರ್ಡಿಯನ್‌ಶಿಪ್ ಆದೇಶ ತನ್ನಿ, ಅಲ್ಲಿಯವರೆಗೆ ಖಾತೆ ನಡೆಸಲು ಆಗುವುದಿಲ್ಲ’ ಎಂದರು. ತಮ್ಮ ಪಕ್ಕದಲ್ಲೇ ನಿಂತಿದ್ದ, ಅವನ ಕಡೆಗೆ ಯಾರೂ ನೋಡಲಿಲ್ಲ. ಇದನ್ನು ಕೇಳಿದ ಚಿಕ್ಕಪ್ಪ, ಇಷ್ಟೆಲ್ಲ ರಗಳೆ ಏಕೆ, ಅವನಿಂದ ಒಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆಯನ್ನು ನಿನ್ನ ಹೆಸರಿಗೆ ಮಾಡಿಕೋ, ಹೇಗೂ ನೋಡಿಕೊಳ್ಳುವವಳು ನೀನೇ ತಾನೆ ಎಂದು ಸಲಹೆ ಕೊಟ್ಟಿದ್ದಾರೆ. ಚಿಕ್ಕಪ್ಪ ಕೆಟ್ಟವರಲ್ಲ, ತಂದೆಯವರು ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನವೂ ಜೊತೆಗಿದ್ದವರು. ಅಮ್ಮನೂ ಮನೆಯನ್ನು ಪೂರ್ತಿಯಾಗಿ ನನಗೆ ಉಯಿಲು ಬರೆದು ನಿಶ್ಚಿಂತೆಯಾಗಿ ಕಣ್ಣು ಮುಚ್ಚುತ್ತೇನೆ ಎನ್ನುತ್ತಾರೆ.

ಈ ಮಾತುಗಳೆಲ್ಲ ಅವನ ಎದುರಿಗೇ ನಡೆದವು. ಕಳೆದ ಶನಿವಾರ ಊಟ ಬಡಿಸುತ್ತಿದ್ದಾಗ ಅವನು ನನ್ನನ್ನು ಕೇಳಿದ: ‘ಅಕ್ಕಾ, ನನ್ನ ಪಾಸ್‌ಬುಕ್ ಯಾರ ಹತ್ತಿರ ಇದೆ?’ ನನಗೆ ಅನ್ನ ಇಳಿಯಲಿಲ್ಲ. ಅವನಿಗೆ ಏನೂ ಅರ್ಥವಾಗುವುದಿಲ್ಲವೆಂಬ ನಂಬಿಕೆಯ ಮೇಲೆ ನಾವು ಮೂರು ಜನ ಕುಳಿತು ಎಲ್ಲವನ್ನೂ ತೀರ್ಮಾನಿಸುತ್ತಿದ್ದೆವು.

ಪಾಲಕತ್ವಕ್ಕೆ ನ್ಯಾಯಾಲಯಕ್ಕೇ ಹೋಗಬೇಕೆ? ನಾನು ಪಾಲಕಳಾದರೆ ಅವನ ಹಕ್ಕುಗಳು ನನ್ನ ಪಾಲಾಗಿಬಿಡುತ್ತವೆಯೆ? ಅಮ್ಮನ ನಂತರ ತಂದೆಯವರ ಪಿಂಚಣಿ ಅವನಿಗೆ ಬರುತ್ತದೆಯೆ? ಎಲ್ಲಕ್ಕಿಂತ ಹೆಚ್ಚಾಗಿ, ಅವನ ಮನಸ್ಸಿನಲ್ಲಿ ಏನಿದೆಯೆಂದು ತಿಳಿದುಕೊಳ್ಳುವುದು ಹೇಗೆ?

ಉತ್ತರ 1: ರಾಜಾಜಿನಗರದ ಒಬ್ಬ ತಂದೆ

ಅಮ್ಮಾ, ನನ್ನ ಮಗಳಿಗೆ 29 ವರ್ಷ. ಸೆರೆಬ್ರಲ್ ಪಾಲ್ಸಿಯ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಚಲನೆಗೆ ಅಡ್ಡಿಯಾಗುವ ಸ್ಥಿತಿ) ಜೊತೆಗೆ ಬೌದ್ಧಿಕ ನ್ಯೂನತೆಯೂ ಇದೆ. ಅವಳಿಗೆ 18 ತುಂಬಿದ ದಿನವೇ ಕಾನೂನಿನ ದೃಷ್ಟಿಯಲ್ಲಿ ನಾನು ಅವಳ ಸಹಜ ಪಾಲಕನಾಗಿ ಉಳಿಯಲಿಲ್ಲ ಎಂಬುದು ನನಗೆ ತಿಳಿದದ್ದು ಅವಳಿಗೆ 23 ಆದಾಗ. ಹೆತ್ತವರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಬ್ಯಾಂಕಿನ ಕೌಂಟರಿನಲ್ಲೋ ಆಸ್ಪತ್ರೆಯಲ್ಲೋ ಗೊತ್ತಾಗುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ನ್ಯಾಯಾಲಯಕ್ಕೆ ಹೋಗಬೇಕಾಗಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ನ್ಯೂನತೆ ಇರುವವರಿಗಾಗಿ 1999ರಲ್ಲಿ ರಾಷ್ಟ್ರೀಯ ನ್ಯಾಸ ಅಧಿನಿಯಮ ಬಂದಿದೆ; ನಾವೆಲ್ಲ ‘ನ್ಯಾಷನಲ್ ಟ್ರಸ್ಟ್’ ಎನ್ನುವುದು ಇದನ್ನೇ. ಅದರ ಪ್ರಕಾರ ಜಿಲ್ಲಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯೊಂದರ ಪ್ರತಿನಿಧಿ ಮತ್ತು ಅಂಗವಿಕಲತೆ ಇರುವ ಒಬ್ಬ ವ್ಯಕ್ತಿ ಸೇರಿದ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಬೆಂಗಳೂರು ನಗರ ಜಿಲ್ಲೆಯವರು ಕೆಂಪೇಗೌಡ ರಸ್ತೆಯ ಕಂದಾಯ ಭವನದಲ್ಲಿರುವ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಇದನ್ನು ವಿಚಾರಿಸಬೇಕು. ತಂದೆ, ತಾಯಿ ಅಥವಾ ಸಂಬಂಧಿಕರು ಅರ್ಜಿ ಹಾಕಬಹುದು. ವಕೀಲರೇ ಬೇಕೆಂದಿಲ್ಲ.

ಬ್ಯಾಂಕಿನವರಿಗೆ ನೀವು ಧೈರ್ಯವಾಗಿ ಹೇಳಬಹುದಾದ ಒಂದು ಮಾತಿದೆ. ಈ ಸಮಿತಿ ಕೊಡುವ ಪಾಲಕತ್ವದ ಪ್ರಮಾಣಪತ್ರವನ್ನು ಖಾತೆ ತೆರೆಯಲು ಮತ್ತು ನಡೆಸಲು ಒಪ್ಪಿಕೊಳ್ಳಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದೆ. ಅನೇಕ ಶಾಖೆಗಳಲ್ಲಿ ಇದು ಗೊತ್ತಿರುವುದಿಲ್ಲ. ಆ ಸುತ್ತೋಲೆಯ ಪ್ರತಿಯನ್ನು ಜೊತೆಗಿಟ್ಟುಕೊಂಡು, ಮಾತಿನಲ್ಲಿ ವಾದಿಸದೆ ಲಿಖಿತವಾಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಆಗುವುದಿಲ್ಲ ಎಂದವರು, ಅದನ್ನೇ ಕಾಗದದ ಮೇಲೆ ಬರೆದುಕೊಡಿ ಎಂದಾಗ ಮೇಲಧಿಕಾರಿಗಳನ್ನು ಕೇಳುತ್ತಾರೆ. ನನ್ನ ವಿಷಯದಲ್ಲಿ ಹಾಗೆಯೇ ಆಯಿತು.

ಪ್ರಮಾಣಪತ್ರ ಕೈಗೆ ಬಂದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ನೇಮಕವಾದ ಆರು ತಿಂಗಳೊಳಗೆ ಅವರ ಆಸ್ತಿ, ಅವರಿಗೆ ಬರಬೇಕಾದ ಹಣ, ಅವರ ಸಾಲ ಎಲ್ಲದರ ಪಟ್ಟಿಯನ್ನು ಸಲ್ಲಿಸಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ನಾನು ಇದಕ್ಕೆಂದೇ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಮಗಳ ಫಿಸಿಯೋಥೆರಪಿಯ ರಸೀದಿಯಿಂದ ಹಿಡಿದು ಹಬ್ಬಕ್ಕೆ ತಂದ ಚೂಡಿದಾರದ ಬಿಲ್ಲಿನವರೆಗೆ ಎಲ್ಲವೂ ಅದರಲ್ಲಿವೆ.

ಪಿಂಚಣಿಯ ವಿಷಯವನ್ನು ಅಮ್ಮ ಇರುವಾಗಲೇ ಮಾಡಿ ಮುಗಿಸಿ. ಕೇಂದ್ರ ಸರ್ಕಾರದ ನಿಯಮದಂತೆ, ಸ್ವತಃ ದುಡಿದು ಬದುಕಲಾರದ ಅಂಗವಿಕಲ ಮಗ ಅಥವಾ ಮಗಳಿಗೆ 25 ವರ್ಷದ ಮಿತಿಯಿಲ್ಲದೆ ಜೀವನಪೂರ್ತಿ ಕುಟುಂಬ ಪಿಂಚಣಿ ಸಿಗುತ್ತದೆ. ಪಿಂಚಣಿ ಆದೇಶ ಪತ್ರದಲ್ಲಿ ಅವನ ಹೆಸರು ಸೇರಿಸಲು ಮತ್ತು ಅವನ ಪರವಾಗಿ ಹಣ ಪಡೆಯುವವರನ್ನು ಸೂಚಿಸಲು ಅಮ್ಮನೇ ಈಗ ಅರ್ಜಿ ಕೊಡಲಿ. ಅವನಿಗೆ ಬರುವ ಬೇರೆ ಆದಾಯವನ್ನೂ ಇಲ್ಲಿ ನೋಡುತ್ತಾರೆ. 2021ರಿಂದ ಇರುವ ನಿಯಮದಂತೆ ಆ ಆದಾಯವು, ತಂದೆಯವರ ಕೊನೆಯ ವೇತನದ ಶೇಕಡ 30 ಮತ್ತು ಬೆಲೆ ಏರಿಕೆಗಾಗಿ ಅದರ ಮೇಲೆ ಕೊಡುವ ತುಟ್ಟಿ ಪರಿಹಾರ ಸೇರಿದ ಮೊತ್ತಕ್ಕಿಂತ ಕಡಿಮೆ ಇರಬೇಕು. ಮೇಲಿನ ಮನೆಯ ಬಾಡಿಗೆಯನ್ನು ಪ್ರೀತಿಯಿಂದ ಪೂರ್ತಿ ಅವನ ಹೆಸರಿಗೆ ಮಾಡುವ ಮೊದಲು ಈ ಲೆಕ್ಕ ಹಾಕಿ.

ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಮಾಡಿಸಿಲ್ಲದಿದ್ದರೆ ಅದನ್ನೂ ಮಾಡಿಸಿ; ಒಂದು ಲಕ್ಷ ರೂಪಾಯಿವರೆಗೆ ಇದೆ, ಮುಂಚಿತ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ.

ಒಟ್ಟಿನಲ್ಲಿ ನನ್ನ ಸಲಹೆ, ತಡಮಾಡದೆ ಪಾಲಕತ್ವ ಪಡೆಯಿರಿ.

ಉತ್ತರ 2: ಬಸವನಗುಡಿಯ ವಕೀಲೆ

ರಾಜಾಜಿನಗರದ ಹಿರಿಯರು ಹೇಳಿರುವ ವಿಧಾನವೆಲ್ಲ ಸರಿಯಾಗಿದೆ. ಕೊನೆಯ ವಾಕ್ಯವನ್ನು ಮಾತ್ರ ನಾನು ಸ್ವಲ್ಪ ತಿದ್ದಲು ಬಯಸುತ್ತೇನೆ, ಅವರು ತಪ್ಪು ತಿಳಿಯಬಾರದು. ಪಾಲಕತ್ವ ಪಡೆಯಬೇಕೆ ಎಂಬುದಕ್ಕಿಂತ ಮೊದಲು, ಯಾವ ಕೆಲಸಕ್ಕಾಗಿ ಎಂದು ಕೇಳಿಕೊಳ್ಳಬೇಕು. ಇದು ನನ್ನ ಸ್ವಂತ ಆದರ್ಶವಲ್ಲ, 1999ರ ಅಧಿನಿಯಮದ 14ನೇ ಪ್ರಕರಣವೇ (ಸೆಕ್ಷನ್) ಹಾಗೆ ಹೇಳುತ್ತದೆ. ಅರ್ಜಿ ಬಂದಾಗ ಸಮಿತಿಯು ಆ ವ್ಯಕ್ತಿಗೆ ಪಾಲಕರ ಅಗತ್ಯ ಇದೆಯೇ ಎಂಬುದನ್ನೂ, ಯಾವ ಉದ್ದೇಶಗಳಿಗಾಗಿ ಇದೆ ಎಂಬುದನ್ನೂ ಪರಿಶೀಲಿಸಬೇಕು. ಆದರೆ ಅರ್ಜಿ ಬರೆಯುವವರೇ ‘ಎಲ್ಲ ವಿಷಯಗಳಿಗೂ’ ಎಂದು ಬರೆದುಬಿಟ್ಟರೆ, ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಯಾರೂ ಉಳಿಯುವುದಿಲ್ಲ.

ವಿಶ್ವಸಂಸ್ಥೆಯ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಅದರ 12ನೇ ಅನುಚ್ಛೇದವು ಕಾನೂನಿನ ಮುಂದೆ ಎಲ್ಲರಂತೆ ವ್ಯಕ್ತಿಯೆಂದು ಪರಿಗಣಿತರಾಗುವ ಹಕ್ಕನ್ನು ಅವರಿಗೆ ಕೊಡುತ್ತದೆ. ಅದಕ್ಕೆ ಅನುಗುಣವಾಗಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 13ನೇ ಪ್ರಕರಣದಲ್ಲಿ, ಆಸ್ತಿಯನ್ನು ಹೊಂದುವ ಮತ್ತು ಉತ್ತರಾಧಿಕಾರದಲ್ಲಿ ಪಡೆಯುವ, ತಮ್ಮ ಹಣಕಾಸನ್ನು ತಾವೇ ನಿಯಂತ್ರಿಸುವ ಹಕ್ಕು ಇವರಿಗೂ ಇದೆ ಎಂದು ಸ್ಪಷ್ಟಪಡಿಸುತ್ತದೆ. ಇದೇ 2016ರ ಅಧಿನಿಯಮದ 14ನೇ ಪ್ರಕರಣವು ಹೇಳುವ ‘ಸೀಮಿತ ಪಾಲಕತ್ವ’ವೆಂದರೆ, ಒಂದು ನಿರ್ದಿಷ್ಟ ತೀರ್ಮಾನಕ್ಕಾಗಿ, ನಿರ್ದಿಷ್ಟ ಅವಧಿಗೆ, ಪಾಲಕರೂ ಆ ವ್ಯಕ್ತಿಯೂ ಪರಸ್ಪರ ತಿಳಿವಳಿಕೆ ಮತ್ತು ನಂಬಿಕೆಯಿಂದ ಕೂಡಿ ನಿರ್ಧರಿಸುವ ವ್ಯವಸ್ಥೆ. ಆ ಕಾನೂನಿನಡಿ ಅದನ್ನು ಕೊಡುವುದು ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ. ನೀವು ಸ್ಥಳೀಯ ಸಮಿತಿಗೇ ಅರ್ಜಿ ಹಾಕಿದರೂ ಇದೇ ಮನೋಭಾವದಿಂದ, ಬ್ಯಾಂಕ್ ಖಾತೆ, ಪಿಂಚಣಿ, ವಿಮೆ ಎಂದು ಬೇಕಾದಷ್ಟನ್ನೇ ಹೆಸರಿಸಿ ಕೇಳಿ. ಅವನು ಎಲ್ಲಿ ವಾಸಿಸಬೇಕು, ಯಾರ ಜೊತೆ ಒಡನಾಡಬೇಕು, ಕೆಲಸಕ್ಕೆ ಹೋಗಬೇಕೆ ಬೇಡವೆ ಎಂಬ ಅಧಿಕಾರವನ್ನು ಕೇಳಬೇಡಿ. ಅದು ನಿಮಗೆ ಬೇಕಾಗಿಲ್ಲ.

ಒಪ್ಪಂದದ ಕಾನೂನು ಕೂಡ ಜನರು ತಿಳಿದಷ್ಟು ಕಠಿಣವಾಗಿಲ್ಲ. 1872ರ ಭಾರತೀಯ ಕರಾರು ಅಧಿನಿಯಮದ 12ನೇ ಪ್ರಕರಣವು ನೋಡುವುದು, ಆ ಕರಾರನ್ನು ಮಾಡುವ ಹೊತ್ತಿನಲ್ಲಿ ಅದನ್ನು ಅರಿತು, ತನ್ನ ಹಿತದ ಮೇಲೆ ಅದರ ಪರಿಣಾಮವೇನೆಂದು ವಿವೇಚಿಸುವ ಶಕ್ತಿ ಇತ್ತೇ ಎಂಬುದನ್ನು ಮಾತ್ರ. ಐನೂರು ರೂಪಾಯಿ ತೆಗೆಯುವುದನ್ನು ಅರಿತವನು ಮನೆ ಮಾರುವುದನ್ನು ಅರಿಯದಿರಬಹುದು. ಮನೆ ಮಾರುವುದು ತಿಳಿಯದೆಂದು ಐನೂರು ರೂಪಾಯಿಯ ಹಕ್ಕನ್ನು ಕಿತ್ತುಕೊಳ್ಳಲಾಗದು. 2009ರಲ್ಲಿ ಸುಚಿತಾ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೌಮ್ಯ ಪ್ರಮಾಣದ ಬೌದ್ಧಿಕ ನ್ಯೂನತೆ ಇದ್ದ ಮಹಿಳೆಯೊಬ್ಬರು ತಮ್ಮ ಗರ್ಭವನ್ನು ಉಳಿಸಿಕೊಳ್ಳಲು ಬಯಸಿದಾಗ ಅವರ ಇಚ್ಛೆಯನ್ನು ಬೇರೆಯವರು ಬದಿಗೊತ್ತುವಂತಿಲ್ಲ ಎಂದಿತು. ಅಷ್ಟು ದೊಡ್ಡ ವಿಷಯದಲ್ಲಿ ಸಲ್ಲುವ ಇಚ್ಛೆ ಪಾಸ್‌ಬುಕ್ಕಿನ ವಿಷಯದಲ್ಲಿ ಸಲ್ಲದೆ ಹೋಗುವುದಿಲ್ಲ.

ಇನ್ನು ಮನೆಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಿಮ್ಮ ಕುಟುಂಬ ಒಂದು ದೊಡ್ಡ ತಪ್ಪಿನ ಅಂಚಿನಲ್ಲಿದೆ. ನೀವು ಹಿಂದೂ ಕುಟುಂಬದವರು ಮತ್ತು ಅದು ತಂದೆಯವರ ಸ್ವಯಾರ್ಜಿತ ಮನೆ ಎಂದು ಭಾವಿಸಿ ಹೇಳುತ್ತೇನೆ. ಉಯಿಲಿಲ್ಲದೆ ತೀರಿಕೊಂಡದ್ದರಿಂದ ತಾಯಿ, ನೀವು ಮತ್ತು ತಮ್ಮ, ಮೂವರಿಗೂ ಮೂರನೆಯ ಒಂದೊಂದು ಪಾಲು ಈಗಾಗಲೇ ಬಂದಿದೆ. ಹಾಗಾಗಿ ತಾಯಿಯವರು ತಮ್ಮ ಮೂರನೆಯ ಒಂದು ಪಾಲಿಗೆ ಮಾತ್ರ ಉಯಿಲು ಬರೆಯಬಲ್ಲರು. ಪೂರ್ತಿ ಮನೆಯನ್ನು ಬರೆದರೆ ಉಳಿದ ಭಾಗಕ್ಕೆ ಆ ಕಾಗದ ನಡೆಯುವುದಿಲ್ಲ. ಹಿಂದೆ, ಊನವಿದ್ದವರನ್ನು ಉತ್ತರಾಧಿಕಾರದಿಂದ ಹೊರಗಿಡುವುದನ್ನು ಬಹುಮಟ್ಟಿಗೆ ನಿಲ್ಲಿಸಿದ 1928ರ ಕಾನೂನು ಬಂದ ಮೇಲೂ, ಹುಟ್ಟಿನಿಂದ ಬುದ್ಧಿಮಾಂದ್ಯತೆ ಇದ್ದವರನ್ನು ಪಿತ್ರಾರ್ಜಿತದಿಂದ ಹೊರಗಿಡುವ ಪದ್ಧತಿ ಉಳಿದುಕೊಂಡಿತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 28ನೇ ಪ್ರಕರಣವು ಅದನ್ನು ಕೊನೆಗೊಳಿಸಿತು. ಯಾವ ರೋಗ, ಊನ ಅಥವಾ ಅಂಗವೈಕಲ್ಯದ ಕಾರಣದಿಂದಲೂ ಯಾರೂ ಉತ್ತರಾಧಿಕಾರವನ್ನು ಕಳೆದುಕೊಳ್ಳುವುದಿಲ್ಲ. ಚಿಕ್ಕಪ್ಪನವರ ಸಲಹೆಯು ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು, ಆದರೆ ಅದು ನಿಮ್ಮ ತಮ್ಮನನ್ನು 1956ಕ್ಕಿಂತ ಹಿಂದಕ್ಕೆ ಕಳುಹಿಸುತ್ತದೆ.

ನೀವೇ ಪಾಲಕರಾಗಿ, ನೀವೇ ಅವನ ಪರವಾಗಿ ಸಹಿ ಮಾಡಿ, ನಿಮಗೇ ಅವನ ಪಾಲನ್ನು ಬಿಟ್ಟುಕೊಡಿಸಿಕೊಂಡರೆ ಅದನ್ನು ಯಾವ ನ್ಯಾಯಾಲಯವೂ ಸಂಶಯವಿಲ್ಲದೆ ನೋಡುವುದಿಲ್ಲ. 2016ರ ಅಧಿನಿಯಮದ 13ನೇ ಪ್ರಕರಣದಲ್ಲಿಯೇ, ಬೆಂಬಲ ನೀಡುವವರ ಹಿತಕ್ಕೂ ಆ ವ್ಯಕ್ತಿಯ ಹಿತಕ್ಕೂ ತಿಕ್ಕಾಟ ಬಂದಾಗ ಆ ವ್ಯವಹಾರದಿಂದ ಬೆಂಬಲಿಗರು ದೂರವಿರಬೇಕು ಎಂದಿದೆ. ರಕ್ತಸಂಬಂಧಿ ಎಂಬ ಒಂದೇ ಕಾರಣಕ್ಕೆ ತಿಕ್ಕಾಟವಿದೆ ಎಂದು ಊಹಿಸಬಾರದು ಎಂದೂ ಇದೆ. ಆದ್ದರಿಂದ ಅಕ್ಕನಾಗಿ ಅವನ ಬ್ಯಾಂಕ್ ಕೆಲಸ ಮಾಡಿಕೊಡಲು ನಿಮಗೆ ಅಡ್ಡಿಯಿಲ್ಲ, ಆದರೆ ಪಾಲುದಾರಳಾಗಿ ಅವನ ಪಾಲಿನ ಬಗ್ಗೆ ತೀರ್ಮಾನಿಸಬೇಡಿ. ಮನೆಯ ಖಾತೆಯನ್ನು (ಪಾಲಿಕೆಯ ಆಸ್ತಿ ದಾಖಲೆ) ಮೂವರ ಹೆಸರಿಗೂ ಜಂಟಿಯಾಗಿ ಮಾಡಿಸಿ. ತಾಯಿಯವರು ಬಯಸಿದರೆ ತಮ್ಮ ಪಾಲನ್ನು ಅವನ ಹಿತಕ್ಕಾಗಿ ಒಂದು ಖಾಸಗಿ ಟ್ರಸ್ಟ್‌ಗೆ ಉಯಿಲಿನ ಮೂಲಕ ಬಿಡಬಹುದು. ಟ್ರಸ್ಟಿಗಳಲ್ಲಿ ಕನಿಷ್ಠ ಒಬ್ಬರಾದರೂ ಉತ್ತರಾಧಿಕಾರಿಯಲ್ಲದವರು ಇರಲಿ. ತಂದೆಯವರ ಠೇವಣಿಗೆ ತಾಯಿಯವರು ನಾಮಿನಿಯಾಗಿದ್ದರೂ, ನಾಮಿನಿ ಹಣವನ್ನು ಸ್ವೀಕರಿಸುವವರೇ ಹೊರತು ಒಡೆಯರಲ್ಲ. ಅದರಲ್ಲೂ ಅವನ ಪಾಲಿದೆ.

ಉತ್ತರ 3: ಜೆ.ಪಿ. ನಗರದ ವಿಶೇಷ ಶಿಕ್ಷಕಿ

ಕಾನೂನಿನ ವಿಷಯವನ್ನು ತಿಳಿದವರು ಹೇಳಿದ್ದಾರೆ. ಅಕ್ಕನವರ ಕೊನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇಪ್ಪತ್ತೆರಡು ವರ್ಷಗಳಿಂದ ನಾನು ಮಾಡುತ್ತಿರುವುದು ಇದೇ ಕೆಲಸ.

ನೀವು ಬರೆದ ‘ಹೂಂ’ ಎಂಬ ಒಂದು ಅಕ್ಷರದಲ್ಲಿ ದೊಡ್ಡ ಇತಿಹಾಸವಿದೆ. ಚಿಕ್ಕಂದಿನಿಂದ ಬೈಸಿಕೊಂಡು, ತಿದ್ದಿಸಿಕೊಂಡು ಬೆಳೆದವರು ಎದುರಿನವರ ಮುಖದಲ್ಲಿ ಯಾವ ಉತ್ತರ ಬೇಕಾಗಿದೆ ಎಂಬುದನ್ನು ಬಹಳ ಬೇಗ ಓದುತ್ತಾರೆ, ಅದನ್ನೇ ಕೊಡುತ್ತಾರೆ. ಹಾಗಾಗಿ ‘ಅಕ್ಕನ ಮನೆಗೆ ಬರ್ತೀಯಾ?’ ಎಂದು ಕೇಳಿ ‘ಹೂಂ’ ಎನ್ನಿಸಿಕೊಳ್ಳುವುದು ಒಪ್ಪಿಗೆಯಲ್ಲ. ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿ: ‘ಇಲ್ಲಿಯೇ ಇರ್ತೀಯಾ?’ ಅದಕ್ಕೂ ‘ಹೂಂ’ ಬಂದರೆ ನಿಮಗೆ ಇನ್ನೂ ಉತ್ತರ ಸಿಕ್ಕಿಲ್ಲ ಎಂದೇ ಅರ್ಥ. ಹೌದು, ಇಲ್ಲ ಎಂಬ ಪ್ರಶ್ನೆಗಳನ್ನು ಬಿಟ್ಟು ಎರಡು ಫೋಟೋ ಮುಂದಿಡಿ, ಒಂದರಲ್ಲಿ ಹನುಮಂತನಗರದ ಮನೆ, ಒಂದರಲ್ಲಿ ನಿಮ್ಮ ಮನೆ. ಇನ್ನೊಂದು ದಿನ ಎಡಬಲ ಬದಲಾಯಿಸಿ ಇಡಿ. ಮತ್ತೊಂದು ದಿನ ನೀವಲ್ಲದೆ ಕಾರ್ಯಾಗಾರದ ಶಿಕ್ಷಕರು ಕೇಳಲಿ. ಅಮ್ಮ ಎದುರಿಗಿರುವಾಗ ಕೇಳಬೇಡಿ. ಅಮ್ಮನಿಗೆ ನೋವಾಗುವ ಉತ್ತರವನ್ನು ಅವನು ಎಂದಿಗೂ ಕೊಡಲಾರ. ಮೂರು ನಾಲ್ಕು ಸಲವೂ ಒಂದೇ ಕಡೆಗೆ ಕೈ ಹೋದರೆ ಅದನ್ನು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ.

ಪಾಸ್‌ಬುಕ್ ಕೇಳಿದ್ದಾನಲ್ಲ, ಮೊದಲು ಅದನ್ನು ಅವನ ಕೈಗೆ ಕೊಡಿ. ಕಳೆದರೆ ಇನ್ನೊಂದು ಮಾಡಿಸಿದರಾಯಿತು. ತಿಂಗಳಿಗೊಮ್ಮೆ, ಜನ ಕಡಿಮೆ ಇರುವ ಹೊತ್ತಿನಲ್ಲಿ, ಅದೇ ಕೌಂಟರಿಗೆ ಕರೆದುಕೊಂಡು ಹೋಗಿ. ಅವನ ಸಂಭಾವನೆಯನ್ನು ಅವನೇ ಕಟ್ಟಲಿ, ಸ್ವಲ್ಪ ಅವನೇ ತೆಗೆಯಲಿ, ಆ ಹಣದಲ್ಲಿ ಅವನಿಗೆ ಬೇಕಾದದ್ದನ್ನು ಅಂದೇ ಕೊಳ್ಳಲಿ. ಕಟ್ಟಿದ್ದಕ್ಕೂ ಕೊಂಡದ್ದಕ್ಕೂ ಸಂಬಂಧ ಕಾಣಬೇಕಾದರೆ ಎರಡೂ ಒಂದೇ ದಿನ ನಡೆಯಬೇಕು. ಆರೇಳು ತಿಂಗಳಲ್ಲಿ ಅವನು ಎಷ್ಟು ಅರಿತಿದ್ದಾನೆಂಬುದು ನಿಮಗೂ ಬ್ಯಾಂಕಿನವರಿಗೂ ಕಾಣುತ್ತದೆ. ಸಹಿಯನ್ನು ದಿನಾ ಒಂದೇ ಅಳತೆಯ ಚೌಕದೊಳಗೆ ಬರೆಸಿ ಅಭ್ಯಾಸ ಮಾಡಿಸಿದರೆ ಬಹಳಷ್ಟು ಸ್ಥಿರವಾಗುತ್ತದೆ. ನಮ್ಮಲ್ಲಿ ಅನೇಕರಿಗೆ ಆಗಿದೆ.

ಇನ್ನೊಂದು ವಿಷಯವನ್ನು ಕೇಳಲೇಬೇಕು. ತಂದೆ ತೀರಿಕೊಂಡದ್ದನ್ನು ಅವನಿಗೆ ಹೇಗೆ ಹೇಳಿದಿರಿ? ‘ಅಪ್ಪ ಊರಿಗೆ ಹೋಗಿದ್ದಾರೆ’ ಎಂದು ಹೇಳಿದ ಮನೆಗಳಲ್ಲಿ, ಸಂಜೆಯಾದರೆ ಬಾಗಿಲಲ್ಲಿ ನಿಂತು ಕಾಯುವ ನಲವತ್ತು ವರ್ಷದವರನ್ನು ನಾನು ಕಂಡಿದ್ದೇನೆ. ಅಮ್ಮನ ನಂತರದ ಬದುಕಿನ ಬಗ್ಗೆ ಮಾತನಾಡಬೇಕಾದರೆ ಅಪ್ಪನ ಸಾವು ಅವನಿಗೆ ತಿಳಿದಿರಬೇಕು. ತಾಯಿ ಹೋದ ಹದಿಮೂರನೆಯ ದಿನ, ವೈಕುಂಠ ಸಮಾರಾಧನೆ ಮುಗಿಸಿ, ಸಂಜೆ ಬಟ್ಟೆಯ ಚೀಲದೊಂದಿಗೆ ಒಬ್ಬರನ್ನು ಅವರು ಎಂದೂ ಕಂಡಿರದ ವಸತಿಗೃಹಕ್ಕೆ ಬಿಟ್ಟುಬಂದದ್ದನ್ನು ನಾನು ನೋಡಿದ್ದೇನೆ. ಅವರು ನಾಲ್ಕು ತಿಂಗಳು ಯಾರೊಂದಿಗೂ ಮಾತನಾಡಲಿಲ್ಲ. ಈಗಿನಿಂದಲೇ ತಿಂಗಳಿಗೆ ಒಂದು ರಾತ್ರಿ ನಿಮ್ಮ ಮನೆಯಲ್ಲಿರಲಿ, ಅವನ ದಿಂಬು ಅಲ್ಲಿಯೇ ಇರಲಿ, ನಿಮ್ಮ ಬೀದಿಯ ಹಾಲಿನ ಬೂತಿನವರ ಪರಿಚಯವಾಗಲಿ.

ಉತ್ತರ 4: ಕೆಂಗೇರಿಯ ಒಬ್ಬ ತಾಯಿ

ಮೇಲಿನವರು ಹೇಳಿದ್ದೆಲ್ಲ ಒಳ್ಳೆಯದೇ. ಆದರೂ ಓದುತ್ತಾ ಹೋದಂತೆ ನನಗೆ ಸ್ವಲ್ಪ ಬೇಸರವಾಯಿತು, ಅದನ್ನು ಹೇಳಿಬಿಡುತ್ತೇನೆ. ನನ್ನ ಮಗನಿಗೆ 27 ವರ್ಷ. ಮಾತಿಲ್ಲ, ನಡಿಗೆಯಿಲ್ಲ, ಸ್ವತಃ ಊಟ ಮಾಡುವುದಿಲ್ಲ. ಫೋಟೋ ತೋರಿಸಿದರೆ ಗುರುತಿಸುತ್ತಾನೋ ಇಲ್ಲವೋ ನನಗೂ ಖಚಿತವಿಲ್ಲ. ಮೂರು ವರ್ಷದ ಹಿಂದೆ ಅವನ ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಮುನ್ನ, ವಯಸ್ಕನ ಪರವಾಗಿ ತಾಯಿಯ ಸಹಿ ಸಾಕೇ ಎಂದು ಚರ್ಚಿಸುತ್ತಾ ನನ್ನನ್ನು ಎರಡು ಗಂಟೆ ಕಾಯಿಸಿದರು. ಆ ಎರಡು ಗಂಟೆ ಅವನು ನೋವಿನಲ್ಲಿ ನರಳುತ್ತಿದ್ದ. ಆಮೇಲೆ ನಾನು ಪೂರ್ಣ ಪಾಲಕತ್ವ ಪಡೆದೆ. ಅದನ್ನು ಹಕ್ಕು ಕಿತ್ತುಕೊಂಡದ್ದು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಎಲ್ಲರ ಮಕ್ಕಳೂ ಹಾಲಿನ ಬೂತಿಗೆ ಹೋಗಿಬರುವವರಲ್ಲ. ಹಕ್ಕಿನ ಮಾತಾಡುವ ಸಭೆಗಳಲ್ಲಿ ನಮ್ಮಂಥವರ ಮಕ್ಕಳು ಕಾಣುವುದು ಅಪರೂಪ, ಏಕೆಂದರೆ ಅವರನ್ನು ಬಿಟ್ಟು ನಾವು ಸಭೆಗೆ ಬರಲಾಗುವುದಿಲ್ಲ.

ಆದರೆ ಶಿಕ್ಷಕಿ ಹೇಳಿದ್ದರಲ್ಲಿ ಒಂದು ಸತ್ಯವಿದೆ. ನನ್ನ ಮಗ ರಾಗಿ ಗಂಜಿ ಬೇಡವಾದರೆ ತುಟಿ ಬಿಗಿಯುತ್ತಾನೆ. ಹೊಸ ಆಯಾ ಬಂದ ಮೊದಲ ವಾರ ಅವಳ ಕೈಯಲ್ಲಿ ಏನನ್ನೂ ತಿನ್ನಲಿಲ್ಲ. ನಾನು ಅವಳನ್ನು ಬಿಡಿಸಿದೆ, ಆಮೇಲೆ ಅವಳು ಅವನನ್ನು ಚಿವುಟುತ್ತಿದ್ದಳೆಂದು ಪಕ್ಕದ ಮನೆಯವರಿಂದ ತಿಳಿಯಿತು. ಅವನು ಹೇಳುತ್ತಾನೆ, ನಾವು ಕೇಳಬೇಕು.

ಮರು ಉತ್ತರ: ಬಸವನಗುಡಿಯ ವಕೀಲೆ

ತಾಯಿ, ನಿಮ್ಮ ಮಾತು ನ್ಯಾಯವಾದದ್ದು. ಸಂಪೂರ್ಣ ಬೆಂಬಲ ಬೇಕಾದವರಿಗೆ ಅದನ್ನು ಕೊಡುವ ಅವಕಾಶ 2016ರ ಕಾನೂನಿನಲ್ಲಿಯೂ ಇದೆ. ನೀವು ಪಡೆದದ್ದು ನಿಮ್ಮ ಮಗನಿಗೆ ಬೇಕಾಗಿತ್ತು. ನಾನು ವಿರೋಧಿಸುತ್ತಿರುವುದು, ನಿಮ್ಮ ಮಗನಿಗೆ ಬೇಕಾದಷ್ಟನ್ನೇ ಯಲಹಂಕದ ಅಕ್ಕನ ತಮ್ಮನ ಮೇಲೂ ಹೇರುವುದನ್ನು. ನೀವು ಆಯಾಳನ್ನು ಬಿಡಿಸಿದ್ದು, ಅವನ ತುಟಿಯ ಬಿಗಿಯನ್ನು ಇಚ್ಛೆಯೆಂದು ಗೌರವಿಸಿದ್ದು, ಪಾಲಕರು ಮಾಡಬೇಕಾದ ಕೆಲಸವೇ.

ಪ್ರಶ್ನೆ ಕೇಳಿದವರಿಂದ: ಯಲಹಂಕದ ಅಕ್ಕ

ಎಲ್ಲರ ಉತ್ತರಗಳನ್ನು ಅಮ್ಮನಿಗೆ ಓದಿ ಹೇಳಿದೆ. ಒಂದು ತಿಂಗಳ ನಂತರ ಬರೆಯುತ್ತಿದ್ದೇನೆ.

ಹಕ್ಕು ಬಿಡುಗಡೆ ಪತ್ರದ ಮಾತು ಮುಗಿಯಿತು. ಮೂರನೆಯ ಒಂದು ಪಾಲಿನ ಲೆಕ್ಕವನ್ನು ಚಿಕ್ಕಪ್ಪನಿಗೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಇದು ಗೊತ್ತಿರಲಿಲ್ಲಮ್ಮ ಎಂದರು. ಅಮ್ಮನ ಪಾಲಿನ ಟ್ರಸ್ಟ್‌ಗೆ ಟ್ರಸ್ಟಿಯಾಗಲು, ತಂದೆಯವರ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರ ಮಗಳು ಒಪ್ಪಿಕೊಂಡಿದ್ದಾರೆ. ಪಿಂಚಣಿ ಆದೇಶದಲ್ಲಿ ತಮ್ಮನ ಹೆಸರು ಸೇರಿಸುವ ಅರ್ಜಿಗೆ ಅಮ್ಮ ಸಹಿ ಮಾಡಿದ್ದಾರೆ.

ಶಿಕ್ಷಕಿಯವರು ಹೇಳಿದಂತೆ ಫೋಟೋಗಳನ್ನು ತೋರಿಸಿದೆವು, ನಾನು ಎರಡು ಸಲ, ಕಾರ್ಯಾಗಾರದವರು ಎರಡು ಸಲ. ನಾಲ್ಕು ಸಲವೂ ಅವನು ಹನುಮಂತನಗರದ ಮನೆಯನ್ನೇ ತೆಗೆದುಕೊಂಡ. ಒಪ್ಪಿಕೊಳ್ಳುತ್ತೇನೆ, ನನಗೆ ನೋವಾಯಿತು, ನನ್ನ ಮನೆಯ ಕೋಣೆಗೆ ಅವನಿಗಾಗಿ ಬಣ್ಣ ಹೊಡೆಸಿದ್ದೆ. ಈಗ ಯೋಚಿಸುತ್ತಿರುವುದು, ಬಾಡಿಗೆಯವರ ಕರಾರು ಮುಗಿದ ಮೇಲೆ ನಾವೇ ಮೇಲಿನ ಮನೆಗೆ ಬರಬಹುದೇ ಎಂದು. ಮಗಳ ಶಾಲೆಯೊಂದೇ ತೊಡಕು.

ಅಪ್ಪ ಊರಿಗೆ ಹೋಗಿದ್ದಾರೆ ಎಂದೇ ನಾವೂ ಹೇಳಿದ್ದೆವು. ಕಳೆದ ಭಾನುವಾರ ಅವನನ್ನು ಬನಶಂಕರಿಯ ಚಿತಾಗಾರದ ಬಳಿಗೆ ಕರೆದುಕೊಂಡು ಹೋಗಿ, ನಡೆದದ್ದನ್ನು ನಡೆದಂತೆ ಹೇಳಿದೆ. ಅವನು ಅಳಲಿಲ್ಲ. ಮನೆಗೆ ಬಂದ ಮೇಲೆ ಅಪ್ಪನ ಚಪ್ಪಲಿಯನ್ನು ಬಾಗಿಲ ಬಳಿಯಿಂದ ತೆಗೆದು ಒಳಗೆ ಮಂಚದ ಕೆಳಗೆ ಇಟ್ಟ.

ಸಮಿತಿಗೆ ಕೊಡುವ ಅರ್ಜಿಯಲ್ಲಿ ಬ್ಯಾಂಕ್, ಪಿಂಚಣಿ, ವಿಮೆ ಈ ಮೂರನ್ನೇ ಬರೆದಿದ್ದೇನೆ. ಬರುವ ಸೋಮವಾರ ಕಂದಾಯ ಭವನಕ್ಕೆ ಹೋಗುತ್ತೇವೆ, ಅವನೂ ಬರುತ್ತಾನೆ. ಪಾಸ್‌ಬುಕ್ ಅವನ ಚೀಲದಲ್ಲಿದೆ. ರಾಜಾಜಿನಗರದ ಹಿರಿಯರಲ್ಲಿ ಒಂದು ಕೋರಿಕೆ: ಆರು ತಿಂಗಳೊಳಗೆ ಕೊಡಬೇಕಾದ ಆಸ್ತಿ ಪಟ್ಟಿಯಲ್ಲಿ, ಇನ್ನೂ ಭಾಗವಾಗದ ಮನೆಯ ಮೂರನೆಯ ಒಂದು ಪಾಲನ್ನು ಹೇಗೆ ನಮೂದಿಸಬೇಕು ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ.